ಕರಾವಳಿ ಕರ್ನಾಟಕದ ಕೈತೋಟ ಮತ್ತು ಹೂಕುಂಡ ಅಲಂಕಾರ

ಕರಾವಳಿ ಕರ್ನಾಟಕದ ಕೈತೋಟ ಎಂಬುದು ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಕಡಲಂಚಿನ ಹಾಗೂ ಅದಕ್ಕೆ ತಾಗಿದ ತಗ್ಗು ಪ್ರದೇಶದ ಮನೆಗಳಲ್ಲಿ, ಅಂಗಳ, ಹಿತ್ತಿಲು, ಬಾವಿಕಟ್ಟೆ ಮತ್ತು ತಾರಸಿಗಳಲ್ಲಿ ಮನೆಬಳಕೆಗಾಗಿ ನಡೆಸುವ ತರಕಾರಿ, ಸೊಪ್ಪು ಹಾಗೂ ಹೂವಿನ ಕೃಷಿ. ಇದರ ಅಂಗವಾಗಿ ಗಿಡ ನೆಡುವ ಕುಂಡ ಮತ್ತು ಕಟ್ಟೆಗಳನ್ನು ಸುಣ್ಣ, ಕೆಮ್ಮಣ್ಣು, ಹೆಂಚಿನ ಚೂರು, ಚಿಪ್ಪು ಹಾಗೂ ಬಣ್ಣಗಳಿಂದ ಅಲಂಕರಿಸುವ ರೂಢಿಯೂ ಬೆಳೆದುಬಂದಿದೆ. ನಾಲ್ಕು ತಿಂಗಳು ಎಡೆಬಿಡದ ಮಳೆ, ಅನಂತರ ನಾಲ್ಕೈದು ತಿಂಗಳು ಬಹುತೇಕ ಒಣಹವೆ, ವರ್ಷವಿಡೀ ಸೆಕೆ ಮತ್ತು ಉಪ್ಪಿನ ಗಾಳಿ ಇವು ಇಲ್ಲಿನ ತೋಟಗಾರಿಕೆಯನ್ನು ರೂಪಿಸಿವೆ. ಬಯಲುಸೀಮೆಯಲ್ಲಿ ಕುಂಡದ ಗಿಡ ಸಾಮಾನ್ಯವಾಗಿ ನೀರಿಲ್ಲದೆ ಸಾಯುತ್ತದೆ. ಕರಾವಳಿಯಲ್ಲಿ ನೀರು ಹೋಗಲು ದಾರಿಯಿಲ್ಲದೆ ಸಾಯುವುದೇ ಹೆಚ್ಚು. ಕುಂಡದ ಆಯ್ಕೆಗೂ ಅದಕ್ಕೆ ಬಳಿಯುವ ಬಣ್ಣಕ್ಕೂ ಈ ಅಂಶವೇ ಮುಖ್ಯವಾದ ಒರೆಗಲ್ಲು.

ಹವಾಮಾನ ಮತ್ತು ಮಣ್ಣು

ಕರಾವಳಿಯಲ್ಲಿ ವರ್ಷಕ್ಕೆ ಸರಾಸರಿ 3,500 ಮಿ.ಮೀ. ಆಸುಪಾಸಿನಲ್ಲಿ ಮಳೆಯಾಗುತ್ತದೆ. ಇದರಲ್ಲಿ ಐದನೆಯ ನಾಲ್ಕು ಭಾಗಕ್ಕೂ ಮಿಕ್ಕಿದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರಿನದು. ಜನವರಿಯಿಂದ ಏಪ್ರಿಲ್‌ವರೆಗೆ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಚಳಿಗಾಲವೆಂಬುದು ಹೆಸರಿಗೆ ಮಾತ್ರ ಇರುವುದರಿಂದ ಹೂಕೋಸು, ಕ್ಯಾರೆಟ್‌ನಂತಹ ತಂಪುಹವೆಯ ಬೆಳೆಗಳು ಇಲ್ಲಿ ಚೆನ್ನಾಗಿ ಬರುವುದಿಲ್ಲ.

ಮೇಲ್ಮಣ್ಣಿನ ಕೆಳಗೆ ಬಹುಕಡೆ ಇರುವುದು ಮುರಕಲ್ಲು. ಇದಕ್ಕೆ ಜಂಬಿಟ್ಟಿಗೆ, ಚಿರೇಕಲ್ಲು ಎಂಬ ಹೆಸರುಗಳೂ ಇವೆ. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪುರದಲ್ಲಿ ಕಂಡ ಇದೇ ಬಗೆಯ ಕಲ್ಲಿಗೆ, 1807ರಲ್ಲಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟರು. ಈ ಕಲ್ಲು ಸವೆದು ಆದ ಕೆಂಪು ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಹೆಚ್ಚು. ಸುಣ್ಣದ ಅಂಶ ಮತ್ತು ಪೊಟ್ಯಾಶ್ ಮಳೆನೀರಿನೊಡನೆ ತೊಳೆದುಹೋಗಿರುತ್ತವೆ. ಮಣ್ಣು ಹುಳಿಯಾಗಿರುವುದೇ ಸಾಮಾನ್ಯ. ಕಡಲ ತೀರದ ಪಟ್ಟಿಯಲ್ಲಿ ಮಾತ್ರ ಮರಳು ಮಣ್ಣು. ಅದರಲ್ಲಿ ನೀರೂ ನಿಲ್ಲದು, ಗೊಬ್ಬರವೂ ನಿಲ್ಲದು.

ಈ ಕೊರತೆಗೆ ಹಳೆಯ ತಲೆಮಾರು ಕಂಡುಕೊಂಡ ಪರಿಹಾರ ಸುಡುಮಣ್ಣು. ಬೇಸಗೆಯಲ್ಲಿ ತರಗೆಲೆ, ಕಸಕಡ್ಡಿ, ತೆಂಗಿನ ಸಿಪ್ಪೆಗಳನ್ನು ಹರಡಿ, ಮೇಲೆ ಮಣ್ಣು ಮುಚ್ಚಿ, ಬೆಂಕಿ ಕೊಟ್ಟು ನಿಧಾನವಾಗಿ ಹೊಗೆಯಾಡಿಸಲಾಗುತ್ತದೆ. ಆರಿದ ಬಳಿಕ ದೊರೆಯುವ ಬೂದಿ ಬೆರೆತ ಮಣ್ಣಿನಲ್ಲಿ ಕಳೆಬೀಜಗಳು ಸತ್ತಿರುತ್ತವೆ; ಬೂದಿಯಿಂದ ಪೊಟ್ಯಾಶ್ ಸೇರಿ ಹುಳಿಯೂ ತುಸು ತಗ್ಗಿರುತ್ತದೆ. ಹಟ್ಟಿಗೊಬ್ಬರದೊಡನೆ ಇದನ್ನು ಬೆರೆಸಿ ತರಕಾರಿ ಬಳ್ಳಿಗಳ ಬುಡಕ್ಕೆ ಹಾಕುವುದು ಇಂದಿಗೂ ರೂಢಿಯಲ್ಲಿದೆ. ಕುಂಡಗಳ ಮಣ್ಣಿಗೂ ಇದು ಒಪ್ಪುತ್ತದೆ.

ಚಿಪ್ಪು ಸುಟ್ಟು ಮಾಡಿದ ಸುಣ್ಣವೂ ಬಳಕೆಯಲ್ಲಿದೆ. ಅದನ್ನು ನಾಟಿಗೆ ಎರಡು ವಾರ ಮೊದಲೇ ಮಣ್ಣಿಗೆ ಬೆರೆಸಬೇಕು. ಹಸಿ ಸೆಗಣಿ ಗೊಬ್ಬರದ ಜೊತೆಗೇ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಕೇಪಳ, ಆಂಥೂರಿಯಂ ಮುಂತಾದ ಹುಳಿಮಣ್ಣು ಬಯಸುವ ಗಿಡಗಳಿಗೆ ಸುಣ್ಣ ಹಾಕುವುದಿಲ್ಲ. ಹಾಕಿದರೆ ಕಬ್ಬಿಣ ದೊರೆಯದೆ ಎಲೆ ಬಿಳಿಚಿಕೊಳ್ಳುತ್ತದೆ.

ಬೆಳೆಗಳು ಮತ್ತು ಕಾಲಮಾನ

ಕೈತೋಟದ ವರ್ಷ ಮೇ ತಿಂಗಳ ಕೊನೆಗೆ ಆರಂಭವಾಗುತ್ತದೆ. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯ ಆಸುಪಾಸಿನಲ್ಲಿ, ಮಳೆ ಹಿಡಿಯುವ ಮೊದಲೇ, ಬೆಂಡೆ, ಹೀರೆ, ಹಾಗಲ, ಪಡುವಲ, ಮುಳ್ಳುಸೌತೆ ಬೀಜಗಳನ್ನು ಬಿತ್ತುತ್ತಾರೆ. ಸಸಿ ನಾಲ್ಕೆಲೆ ಬಿಡುವಷ್ಟರಲ್ಲಿ ಮಳೆ ಬರಬೇಕು ಎಂಬುದು ಲೆಕ್ಕ; ಮಳೆ ಬಿರುಸಾದ ಮೇಲೆ ಬಿತ್ತಿದ ಬೀಜ ಕೊಳೆಯುವುದೇ ಹೆಚ್ಚು. ನೆಲದಲ್ಲಿ ಬಿತ್ತುವವರು ಸಾಲನ್ನು ದಿಬ್ಬವಾಗಿ ಏರಿಸುತ್ತಾರೆ. ಬಳ್ಳಿಗಳಿಗೆ ಅಡಿಕೆ ಸಲಾಕೆ ಮತ್ತು ಬಿದಿರಿನ ಚಪ್ಪರ ಹಾಕುತ್ತಾರೆ. ತುಳುವಿನಲ್ಲಿ ಹೀರೆಗೆ ಪೀರೆ, ಹಾಗಲಕ್ಕೆ ಕಂಚಲ್, ತೊಂಡೆಗೆ ಮನೋಳಿ ಎನ್ನುತ್ತಾರೆ.

ಮಳೆ ಇಳಿದ ಮೇಲೆ, ಅಕ್ಟೋಬರ್–ನವೆಂಬರ್‌ನಲ್ಲಿ, ಹರಿವೆ, ಬದನೆ, ಮೆಣಸು, ಅಲಸಂಡೆ, ಚೀನಿಕಾಯಿಗಳ ಸರದಿ. ಭತ್ತ ಕೊಯ್ದ ಗದ್ದೆಗಳಲ್ಲಿ ಸಾಂಬಾರುಸೌತೆ ಬೆಳೆಯುವುದು ಈ ಹೊತ್ತಿನಲ್ಲಿಯೇ. ಬಲಿತ ಸೌತೆಯನ್ನು ಬಾಳೆನಾರು ಅಥವಾ ತೆಂಗಿನ ಗರಿಯಲ್ಲಿ ಕಟ್ಟಿ ಮಾಡಿನ ಅಡ್ಡಕ್ಕೆ ತೂಗುಹಾಕಿದರೆ ಮಳೆಗಾಲದವರೆಗೂ ಕೆಡದೆ ಉಳಿಯುತ್ತದೆ. ತರಕಾರಿ ಸಿಗದ ದಿನಗಳಿಗೆ ಇದು ಮನೆಯ ದಾಸ್ತಾನು. ಉತ್ತರ ಕನ್ನಡದಲ್ಲಿ ಅಂಕೋಲಾ ಮತ್ತು ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗ ಮಹಿಳೆಯರು ಸೊಪ್ಪು, ತರಕಾರಿ ಬೆಳೆದು ತಾವೇ ಪೇಟೆಗೆ ಹೊತ್ತು ಮಾರುವುದಕ್ಕೆ ಹೆಸರಾದವರು.

ಎಲ್ಲ ಕಾಲಕ್ಕೂ ಒದಗುವ ಸೊಪ್ಪು ಬಸಳೆ. ಬಲಿತ ದಂಟಿನ ಎರಡು ಗೆಣ್ಣುಗಳಿರುವ ತುಂಡನ್ನು ಓರೆಯಾಗಿ ಊರಿದರೆ ಸಾಕು, ಚಿಗುರುತ್ತದೆ. ಹಿಂದೆ ಬಚ್ಚಲು ನೀರು ಅಥವಾ ಬಾವಿಕಟ್ಟೆಯ ನೀರು ಹರಿಯುವಲ್ಲಿ ಬಸಳೆ ಚಪ್ಪರವಿಲ್ಲದ ಮನೆ ಅಪರೂಪವಾಗಿತ್ತು. ಇಂದು ಮಹಡಿ ಮನೆಗಳಲ್ಲಿ ಇಪ್ಪತ್ತು ಲೀಟರಿನ ಬಕೆಟ್ಟಿನಲ್ಲಿ ಬಸಳೆ ಬೆಳೆದು ಬಾಲ್ಕನಿಯ ಸರಳಿಗೆ ಹಬ್ಬಿಸುತ್ತಾರೆ; ಮುಂಬಯಿಯಲ್ಲಿ ನೆಲೆಸಿದ ಕರಾವಳಿಗರ ಮನೆಗಳಲ್ಲೂ ಇದನ್ನು ಕಾಣಬಹುದು. ಕುಂಡದಲ್ಲಿ ಸುಲಭವಾಗಿ ಬರುವ ಇತರ ಗಿಡಗಳೆಂದರೆ ತಿಮರೆ ಎಂದು ತುಳುವಿನಲ್ಲಿ ಕರೆಯುವ ಒಂದೆಲಗ, ಸಾಂಬ್ರಾಣಿ ಅಥವಾ ದೊಡ್ಡಪತ್ರೆ, ಹರಿವೆ, ಕರಿಬೇವು, ಶುಂಠಿ ಮತ್ತು ಗಾಂಧಾರಿ ಮೆಣಸು.

ಹೂಗಳಲ್ಲಿ ಮೊದಲ ಸ್ಥಾನ ಮಲ್ಲಿಗೆಯದು. ಉಡುಪಿ ಜಿಲ್ಲೆಯ ಶಂಕರಪುರ ಪರಿಸರದ ಮಲ್ಲಿಗೆಯು ‘ಉಡುಪಿ ಮಲ್ಲಿಗೆ’ ಎಂಬ ಹೆಸರಿನಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿದೆ. ಬಾಳೆನಾರಿನಲ್ಲಿ ಕಟ್ಟಿದ ಹೂವನ್ನು ಚೆಂಡು ಮತ್ತು ಅಟ್ಟೆಯ ಲೆಕ್ಕದಲ್ಲಿ ಮಾರಲಾಗುತ್ತದೆ. 800 ಹೂಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮನೆಯ ಮಹಿಳೆಯರಿಗೆ ಸ್ವಂತ ವರಮಾನ ತಂದುಕೊಡುವ ಬೆಳೆಯಾದ್ದರಿಂದ, ಜಾಗವಿಲ್ಲದವರು ಇದನ್ನು ತಾರಸಿಯ ಕುಂಡಗಳಲ್ಲೂ ಬೆಳೆಸುತ್ತಿದ್ದಾರೆ. ಮಲ್ಲಿಗೆಗೆ ದಿನವಿಡೀ ಬಿಸಿಲು ಬೇಕು. ಮಳೆಗೆ ಅಂಜಿ ತಾರಸಿಗೆ ತಗಡಿನ ಶೀಟು ಹಾಕಿಸಿದ ಮನೆಗಳಲ್ಲಿ ಗಿಡ ಹಸಿರಾಗಿಯೇ ಬೆಳೆದರೂ ಹೂ ಬಿಡದಿರುವುದಕ್ಕೆ ಕಾರಣ ಇದೇ.

ಗುಳ್ಳ ಮತ್ತು ಸೊರಗು ರೋಗ

ಉಡುಪಿಯ ಸಮೀಪದ ಮಟ್ಟು ಗ್ರಾಮದ ಮಟ್ಟುಗುಳ್ಳವೂ ಭೌಗೋಳಿಕ ಗುರುತು ಪಡೆದ ಬೆಳೆ. ಇದು ದುಂಡಗಿನ, ತಿಳಿಹಸಿರು ಬಣ್ಣದ, ತೆಳು ಸಿಪ್ಪೆಯ ಬದನೆ. ಇದರ ಬೀಜವನ್ನು ಸೋದೆಯ ವಾದಿರಾಜರು ಕೊಟ್ಟರೆಂಬ ಐತಿಹ್ಯವಿದೆ.

ಕೈತೋಟದಲ್ಲಿ ಬದನೆ, ಟೊಮೆಟೊ, ಮೆಣಸು ಬೆಳೆಯುವವರನ್ನು ಬಹುವಾಗಿ ಕಾಡುವುದು ದುಂಡಾಣು ಸೊರಗು ರೋಗ. ರಾಲ್‌ಸ್ಟೋನಿಯಾ ಸೊಲನೇಸಿಯಾರಂ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಬಿಸಿ ಮತ್ತು ತೇವ ಎರಡೂ ಇರುವ ಕರಾವಳಿಯ ಮಣ್ಣು ಇದಕ್ಕೆ ಹೇಳಿ ಮಾಡಿಸಿದಂತಿದೆ. ಹೂ ಬಿಟ್ಟು ನಿಂತ ಗಿಡ ಎಲೆ ಹಳದಿಯಾಗುವ ಮೊದಲೇ ಹಸಿರಾಗಿದ್ದಂತೆಯೇ ಬಾಡಿ, ಎರಡು ಮೂರು ದಿನಗಳಲ್ಲಿ ಸಾಯುತ್ತದೆ. ನೀರು ಸಾಲದೆ ಬಾಡಿತೆಂದು ಭಾವಿಸಿ ಇನ್ನಷ್ಟು ನೀರೆರೆಯುವುದು ಸಾಮಾನ್ಯ ತಪ್ಪು. ನೀರಿನೊಡನೆ ರೋಗಾಣು ಪಕ್ಕದ ಗಿಡಕ್ಕೂ ಹರಡುತ್ತದೆ. ರೋಗವನ್ನು ಗುರುತಿಸುವ ಸುಲಭ ವಿಧಾನವೊಂದಿದೆ. ಬುಡದ ಕಾಂಡವನ್ನು ಕತ್ತರಿಸಿ, ತಿಳಿನೀರಿರುವ ಗಾಜಿನ ಲೋಟದಲ್ಲಿ ತುದಿ ಮುಳುಗುವಂತೆ ಅಲುಗಿಸದೆ ಹಿಡಿದರೆ, ಕೆಲವು ನಿಮಿಷಗಳಲ್ಲಿ ಹಾಲಿನಂತಹ ಬಿಳಿ ಎಳೆ ನೀರಿಗೆ ಇಳಿಯುತ್ತದೆ. ಶಿಲೀಂಧ್ರದಿಂದ ಸೊರಗಿದ ಗಿಡದಲ್ಲಿ ಹೀಗಾಗುವುದಿಲ್ಲ.

ರೋಗ ಬಂದ ಗಿಡವನ್ನು ಉಳಿಸುವ ಔಷಧವಿಲ್ಲ. ಅದನ್ನು ಬೇರುಸಹಿತ ಕಿತ್ತು ಸುಡಬೇಕು. ಗೊಬ್ಬರದ ಗುಂಡಿಗೆ ಹಾಕಬಾರದು. ನೆಲದಲ್ಲಿ ರೋಗಾಣು ವರ್ಷಗಟ್ಟಲೆ ಉಳಿಯುವುದರಿಂದ ಅದೇ ಜಾಗದಲ್ಲಿ ಬದನೆ ಜಾತಿಯ ಯಾವ ಗಿಡವನ್ನೂ ಮತ್ತೆ ನೆಡುವಂತಿಲ್ಲ. ಕುಂಡದ ಕೃಷಿಯ ದೊಡ್ಡ ಪ್ರಯೋಜನ ಇಲ್ಲಿದೆ: ಒಂದು ಕುಂಡದ ಮಣ್ಣನ್ನು ಚೆಲ್ಲಿ, ಕುಂಡವನ್ನು ತೊಳೆದು ಬಿಸಿಲಿಗಿಟ್ಟು, ಹೊಸ ಮಣ್ಣು ತುಂಬಬಹುದು. ಇನ್ನೊಂದು ದಾರಿ ಸುಂಡೆ ಗಿಡದ ಬೇರುಕಾಂಡಕ್ಕೆ ಬದನೆ ಅಥವಾ ಟೊಮೆಟೊ ಕಸಿ ಕಟ್ಟುವುದು. ಹಿತ್ತಿಲ ಬೇಲಿಯಲ್ಲಿ ತಾನಾಗಿ ಬೆಳೆಯುವ ಸುಂಡೆಗೆ ಈ ರೋಗವನ್ನು ತಡೆದುಕೊಳ್ಳುವ ಶಕ್ತಿ ಇದೆ.

ಇತರ ಪೀಡೆಗಳ ಪೈಕಿ ಮಳೆಗಾಲದ ಆಫ್ರಿಕಾ ಬಸವನಹುಳು ಮತ್ತು ಬಳ್ಳಿ ತರಕಾರಿಗಳ ಹಣ್ಣುನೊಣ ಮುಖ್ಯವಾದವು. ಮೊದಲನೆಯದನ್ನು ರಾತ್ರಿ ಹೊತ್ತು ಕೈಗವಸು ತೊಟ್ಟು ಹೆಕ್ಕಿ ಉಪ್ಪುನೀರಿಗೆ ಹಾಕುತ್ತಾರೆ. ಎರಡನೆಯದಕ್ಕೆ ಎಳೆಕಾಯಿ ಇರುವಾಗಲೇ ಕಾಗದದ ಚೀಲ ಕಟ್ಟುತ್ತಾರೆ. ನವಿಲು ಮತ್ತು ಮಂಗಗಳಿಗೆ ಬಲೆ ಬಿಟ್ಟರೆ ಬೇರೆ ಉಪಾಯ ಫಲಿಸಿದ್ದು ಕಡಿಮೆ.

ಉಪ್ಪು

ಕಡಲಿಗೆ ತೀರ ಸಮೀಪದ ಮನೆಗಳಲ್ಲಿ ಮುಂಗಾರಿನ ಗಾಳಿ ಅಲೆಯ ತುಂತುರನ್ನು ಹೊತ್ತು ತರುತ್ತದೆ. ಪಡುವಣ ದಿಕ್ಕಿನ ಎಲೆಗಳ ಅಂಚು ಸುಟ್ಟಂತೆ ಕಂದಾಗುವುದು ಇದರ ಗುರುತು. ಕಣಗಿಲೆ, ಕಾಗದದ ಹೂ, ನಿತ್ಯಪುಷ್ಪಗಳು ಉಪ್ಪನ್ನು ಸಹಿಸುತ್ತವೆ. ಇವನ್ನು ಪಡುಗಡೆಯಲ್ಲಿ ಸಾಲಾಗಿ ನೆಟ್ಟು ಒಳಗಿನ ಗಿಡಗಳಿಗೆ ಮರೆ ಮಾಡುವುದುಂಟು. ಬೇಸಗೆಯಲ್ಲಿ ಹೊಳೆಗಳ ಹರಿವು ಇಳಿದಾಗ ಉಪ್ಪುನೀರು ಅಳಿವೆಯಿಂದ ಒಳಕ್ಕೆ ಏರಿ, ದಂಡೆಯ ಬಾವಿಗಳ ನೀರೂ ಉಪ್ಪಾಗುತ್ತದೆ. ಅಂತಹ ನೀರನ್ನು ಕುಂಡಕ್ಕೆ ಸ್ವಲ್ಪಸ್ವಲ್ಪವೇ ಎರೆಯುತ್ತಾ ಹೋದರೆ ನೀರು ಆವಿಯಾಗಿ ಉಪ್ಪು ಮಣ್ಣಿನಲ್ಲೇ ಶೇಖರವಾಗುತ್ತದೆ. ಎರೆಯುವುದಾದರೆ ಕೆಳಗಿನ ತೂತಿನಿಂದ ಹರಿದುಹೋಗುವಷ್ಟು ಎರೆಯಬೇಕು. ಕಡಲ ಕಿನಾರೆಯ ಮರಳನ್ನು ಕುಂಡಕ್ಕೆ ಬಳಸಬಾರದೆನ್ನುವುದೂ ಇದೇ ಕಾರಣಕ್ಕೆ. ತೆಂಗಿನ ನಾರಿನ ಪುಡಿಯಲ್ಲಿಯೂ ಉಪ್ಪಿರುತ್ತದೆ; ಸಿಹಿನೀರಿನಲ್ಲಿ ನೆನೆಸಿ ಎರಡು ಮೂರು ಬಾರಿ ಹಿಂಡಿ ತೊಳೆದ ಬಳಿಕವೇ ಬಳಸುವುದು ಒಳ್ಳೆಯದು.

ಕುಂಡಗಳು

ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಂಡೆಯಲ್ಲಿ ಹಲವು ಕಾರ್ಖಾನೆಗಳು ತಲೆಯೆತ್ತಿದವು. ಹೊಳೆಯಂಚಿನ ಅದೇ ಜೇಡಿಮಣ್ಣು ಊರ ಕುಂಬಾರರ ಮಡಕೆಗಳಿಗೂ ಮೂಲ. ಹಂಚಿನ ಮನೆಗಳನ್ನು ಕೆಡವಿ ತಾರಸಿ ಮನೆ ಕಟ್ಟುವವರು ಹೆಚ್ಚಿದಂತೆ, ಹಳೆಯ ಹೆಂಚುಗಳು ತೋಟದ ಅಂಚಿಗೂ ಕುಂಡದ ತಳಕ್ಕೂ ಬಂದಿವೆ.

ಸುಟ್ಟ ಮಣ್ಣಿನ ಕುಂಡದ ಗೋಡೆಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ನೀರು ಅವುಗಳ ಮೂಲಕ ಹೊರಬಂದು ಆರುವಾಗ ಬೇರುಗಳು ತಂಪಾಗುತ್ತವೆ, ಮಳೆಗಾಲದಲ್ಲಿ ಮಣ್ಣು ಬೇಗ ಉಸಿರಾಡುತ್ತದೆ. ಏಪ್ರಿಲ್‌ನಲ್ಲಿ ಮಾತ್ರ ದಿನಕ್ಕೆ ಎರಡು ಬಾರಿ ನೀರು ಬೇಡುತ್ತದೆ. ಪ್ಲಾಸ್ಟಿಕ್ ಕುಂಡ ಇದಕ್ಕೆ ಸರಿ ವಿರುದ್ಧ: ಬೇಸಗೆಯಲ್ಲಿ ಅನುಕೂಲ, ಜುಲೈಯಲ್ಲಿ ಅಪಾಯ. ಸಿಮೆಂಟ್ ಕುಂಡ ಬಾಳಿಕೆ ಬರುತ್ತದೆ, ಭಾರ ಹೆಚ್ಚು. ಹೊಸದರಲ್ಲಿ ಸುಣ್ಣದ ಖಾರ ಇರುವುದರಿಂದ ಒಂದೆರಡು ವಾರ ನೀರು ತುಂಬಿಸಿ ಬದಲಿಸಿದ ಬಳಿಕ ಗಿಡ ನೆಡುತ್ತಾರೆ. ಆರ್ಕಿಡ್‌ಗಳಿಗೆ ತೆಂಗಿನ ಸಿಪ್ಪೆಯೇ ಕುಂಡ. ಪಶ್ಚಿಮ ಘಟ್ಟದ ಸೀತೆದಂಡೆಯಂತಹ ಆರ್ಕಿಡ್‌ಗಳನ್ನು ಕಾಡಿನಿಂದ ಕಿತ್ತು ತರುವ ಅಭ್ಯಾಸ ಆ ಸಸ್ಯಗಳಿಗೆ ಮಾರಕವಾಗಿದೆ. ನರ್ಸರಿಗಳಲ್ಲಿ ಬೆಳೆಸಿದ ಗಿಡಗಳು ದೊರೆಯುತ್ತವೆ.

ಕುಂಡದ ತಳಕ್ಕೆ ಜಲ್ಲಿ ಅಥವಾ ಹೆಂಚಿನ ಚೂರಿನ ದಪ್ಪ ಪದರ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಸಣ್ಣ ಕಣಗಳ ಮಣ್ಣಿನಿಂದ ದೊಡ್ಡ ಚೂರಿನ ಪದರಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದ ಮೇಲಷ್ಟೇ ಇಳಿಯುತ್ತದೆ. ಹೀಗಾಗಿ ಒದ್ದೆ ಪದರ ಬೇರಿನ ಸಮೀಪಕ್ಕೇ ಏರಿದಂತಾಗುತ್ತದೆ. ತೂತು ಕಟ್ಟದಂತೆ, ಮಣ್ಣು ಜಾರದಂತೆ ಒಂದು ಬಾಗಿದ ಹೆಂಚಿನ ಚೂರು ಸಾಕು. ಅದಕ್ಕಿಂತ ಹೆಚ್ಚು ಉಪಯುಕ್ತವಾದುದು ಕುಂಡವನ್ನು ಮೂರು ಹೆಂಚಿನ ತುಂಡುಗಳ ಮೇಲೆ ನೆಲದಿಂದ ಎರಡು ಬೆರಳಷ್ಟು ಎತ್ತಿ ಇಡುವುದು. ನೆಲಕ್ಕೆ ಅಂಟಿ ಕುಳಿತ ಕುಂಡದ ತೂತು ಪಾಚಿ ಮತ್ತು ಬೇರಿನಿಂದ ಮುಚ್ಚಿಹೋಗಿ, ಒಂದೇ ರಾತ್ರಿಯ ಮಳೆಗೆ ಕುಂಡ ತುಂಬಿ ನಿಲ್ಲುತ್ತದೆ.

ತಾರಸಿಯಲ್ಲಿ ಇಡುವವರು ಭಾರವನ್ನೂ ಗಮನಿಸಬೇಕಾಗುತ್ತದೆ. ಒಂದಡಿ ಅಗಲ ಮತ್ತು ಒಂದಡಿ ಎತ್ತರದ ಕುಂಡ ಮಳೆಯಲ್ಲಿ ನೆನೆದಾಗ 25ರಿಂದ 35 ಕಿ.ಗ್ರಾಂ. ತೂಗುತ್ತದೆ. ಕುಂಡಗಳನ್ನು ತೊಲೆ ಮತ್ತು ಗೋಡೆಗಳ ನೇರಕ್ಕೆ ಜೋಡಿಸುವುದು, ಮಳೆನೀರಿನ ಕೊಳವೆಯ ಬಾಯಿಗೆ ಅಡ್ಡವಾಗದಂತೆ ನೋಡಿಕೊಳ್ಳುವುದು ಕ್ಷೇಮ.

ತುಳಸಿಕಟ್ಟೆ ಮತ್ತು ಕಾವಿ ಕಲೆ

ಕರಾವಳಿಯ ಅಂಗಳದಲ್ಲಿ ತಲೆತಲಾಂತರದಿಂದ ನಿಂತಿರುವ ಅಲಂಕೃತ ಕುಂಡವೆಂದರೆ ತುಳಸಿಕಟ್ಟೆ ಅಥವಾ ತುಳಸಿ ವೃಂದಾವನ. ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಮುರಕಲ್ಲಿನಲ್ಲಿ ಕಟ್ಟಿ, ಸುಣ್ಣದ ಗಾರೆ ಬಳಿದು, ಮೇಲೆ ಮಣ್ಣು ತುಂಬಲಾಗುತ್ತದೆ. ತುಳಸಿ ನೀರು ನಿಂತ ಮಣ್ಣಿನಲ್ಲಿ ಬೇಗ ಕೊಳೆಯುವ ಗಿಡ. ಅಂಗಳದಲ್ಲಿ ನೀರು ಹರಿಯುವ ಮಳೆಗಾಲದಲ್ಲಿ ಈ ಎತ್ತರ ಮತ್ತು ನೀರು ಬಸಿಯಬಲ್ಲ ಕಲ್ಲು ಅದನ್ನು ಕಾಪಾಡುತ್ತವೆ. ಪೂಜ್ಯತೆಗಾಗಿ ಎತ್ತರಿಸಿದ ಕಟ್ಟೆ ಬೇರಿಗೂ ಹಿತವಾಗಿದೆ. ಇತ್ತೀಚೆಗೆ ಇಂತಹ ಕಟ್ಟೆಗಳಿಗೆ ನೆಲದ ಟೈಲ್ಸ್ ಅಂಟಿಸಿ, ಒಳಬದಿಗೂ ಸಿಮೆಂಟ್ ಬಳಿದು ತೂತಿಲ್ಲದಂತೆ ಮಾಡುವುದರಿಂದ ಪ್ರತಿ ಮಳೆಗಾಲದಲ್ಲೂ ತುಳಸಿ ಸಾಯುವುದು ಕಂಡುಬರುತ್ತದೆ.

ಕಾರ್ತಿಕ ಶುದ್ಧ ದ್ವಾದಶಿಯ ತುಳಸಿ ಪೂಜೆಗೆ ಮೊದಲು ಕಟ್ಟೆಯನ್ನು ತೊಳೆದು, ಪಾಚಿ ಕೆರೆದು, ಸುಣ್ಣ ಮತ್ತು ಕೆಮ್ಮಣ್ಣು ಬಳಿಯುತ್ತಾರೆ. ತುಳಸಿಯ ಪಕ್ಕದಲ್ಲಿ ನೆಲ್ಲಿಯ ಕೊಂಬೆ ನೆಡುತ್ತಾರೆ. ಮಳೆ ನಿಂತು ಗೋಡೆ ಒಣಗಿದ ಈ ಹೊತ್ತು ಬಣ್ಣಕ್ಕೂ ತಕ್ಕುದು.

ಗೋವಾದಿಂದ ಉತ್ತರ ಕನ್ನಡದವರೆಗಿನ ಕೊಂಕಣ ತೀರದ ದೇವಾಲಯಗಳ ಗೋಡೆ ಮತ್ತು ವೃಂದಾವನಗಳ ಮೇಲೆ ಕಾವಿ ಕಲೆ ಕಂಡುಬರುತ್ತದೆ. ಚಿಪ್ಪು ಸುಟ್ಟ ಸುಣ್ಣ ಮತ್ತು ಮರಳಿನ ಗಾರೆಯ ಮೇಲೆ, ಅದು ಹಸಿಯಾಗಿರುವಾಗಲೇ, ಕೆಮ್ಮಣ್ಣು ಬೆರೆಸಿದ ತೆಳು ಪದರ ಬಳಿದು, ಚೂಪಾದ ಸಲಕರಣೆಯಿಂದ ವಿನ್ಯಾಸ ಕೊರೆದು ಕೆಂಪನ್ನು ಕೆರೆದು ತೆಗೆಯಲಾಗುತ್ತದೆ. ಕೆರೆದಲ್ಲಿ ತಳದ ಬಿಳುಪು ಮೂಡುತ್ತದೆ. ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣ ಅದರೊಳಗೇ ಸೆರೆಯಾಗುತ್ತದೆ. ಆದುದರಿಂದಲೇ ಇಂತಹ ಮಳೆಯ ನಾಡಿನಲ್ಲೂ ಕಾವಿ ಚಿತ್ರಗಳು ತಲೆಮಾರುಗಳ ಕಾಲ ಉಳಿದಿವೆ. ಸಿಮೆಂಟ್ ಮತ್ತು ಪೇಂಟಿನ ಕೆಳಗೆ ಮುಚ್ಚಿಹೋಗುತ್ತಿದ್ದ ಈ ಕಲೆಯನ್ನು ಹೊನ್ನಾವರ ಮೂಲದ ವಿಜ್ಞಾನಿ, ಲೇಖಕ ಕೃಷ್ಣಾನಂದ ಕಾಮತ್ ದಾಖಲಿಸಿದರು. ಕಾವಿಯ ವಿನ್ಯಾಸಗಳನ್ನು ಕೆಂಪು–ಬಿಳಿ ಪೇಂಟಿನಲ್ಲಿ ಕುಂಡದ ಮೇಲೆ ಬರೆದರೆ ನೋಟಕ್ಕೆ ಸೊಗಸಾಗಿರುತ್ತದೆ, ಆದರೆ ಅದು ಕಾವಿಯ ಅನುಕರಣೆ ಮಾತ್ರ. ಕೆರೆದು ತೆಗೆಯುವ ಕ್ರಿಯೆಯೇ ಕಾವಿಯ ಲಕ್ಷಣ.

ಕುಂಡಗಳ ಅಲಂಕಾರ

ಮಣ್ಣಿನ ಕುಂಡಕ್ಕೆ ಅತಿ ಸರಳವಾದ ಅಲಂಕಾರ ಕೆಮ್ಮಣ್ಣಿನ ಬಳಿತ. ಜರಡಿ ಹಿಡಿದ ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ ಬಟ್ಟೆಯಿಂದ ಬಳಿದು, ಒಣಗಿದ ಮೇಲೆ ಕುತ್ತಿಗೆಯ ಸುತ್ತ ಸುಣ್ಣದ ಅಥವಾ ಉತ್ತರ ಕನ್ನಡದಲ್ಲಿ ಶೇಡಿ ಎನ್ನುವ ಬಿಳಿಮಣ್ಣಿನ ಎಳೆ ಎಳೆಯುತ್ತಾರೆ. ಒಂದು ಮಳೆಗಾಲಕ್ಕೆ ಇದು ತೊಳೆದುಹೋಗುತ್ತದೆ. ಮುಂದಿನ ಹಬ್ಬಕ್ಕೆ ಹೊಸದಾಗಿ ಬಳಿಯುವುದು ರೂಢಿಯಾದ್ದರಿಂದ ಅದನ್ನು ದೋಷವೆಂದು ಯಾರೂ ಎಣಿಸಿದಂತಿಲ್ಲ.

ಪೇಟೆಯ ಪೇಂಟ್ ಬಳಸಿದಾಗ ಎದುರಾಗುವ ಮುಖ್ಯ ತೊಂದರೆ ಸಿಪ್ಪೆ ಏಳುವುದು. ಮೇಲೆ ಬಿದ್ದ ಮಳೆಯೇ ಇದಕ್ಕೆ ಕಾರಣವೆಂದು ಭಾವಿಸಿ ಇನ್ನೊಂದು ಕೋಟು ಬಳಿಯುತ್ತಾರೆ. ನಿಜವಾದ ಕಾರಣ ಬಹುಮಟ್ಟಿಗೆ ಒಳಗಿರುತ್ತದೆ: ಕುಂಡದ ಮಣ್ಣಿನ ತೇವ ಗೋಡೆಯ ಮೂಲಕ ಹೊರಟು, ಎನಾಮೆಲ್‌ನಂತಹ ಬಿಗಿ ಪದರದ ಹಿಂದೆ ಸಿಕ್ಕಿಬಿದ್ದು ಅದನ್ನು ದೂಡುತ್ತದೆ. ತೇವದೊಡನೆ ಬಂದ ಲವಣವೂ ಅಲ್ಲಿಯೇ ಹರಳುಗಟ್ಟಿ ಪದರವನ್ನು ಎಬ್ಬಿಸುತ್ತದೆ. ಬಣ್ಣ ಬಳಿಯದ ಕುಂಡದ ಮೇಲೆ ಬಿಳಿ ಹುಡಿಯಾಗಿ ಕಾಣುವುದು ಈ ಲವಣವೇ. ಕಡ್ಡಿ ಬ್ರಷ್‌ನಿಂದ ಉಜ್ಜಿ, ನೀರು ಬೆರೆಸಿದ ವಿನೆಗರಿನಲ್ಲಿ ತೊಳೆದರೆ ಅದು ಹೋಗುತ್ತದೆ.

ಆದುದರಿಂದ ಬಣ್ಣ ಹಚ್ಚುವುದಕ್ಕೆ ಎರಡು ಮಾರ್ಗಗಳಿವೆ. ಒಂದು, ಉಸಿರಾಡುವ ಬಳಿತಗಳನ್ನೇ ಬಳಸುವುದು: ಸುಣ್ಣ, ಕೆಮ್ಮಣ್ಣು, ಅಥವಾ ಹೊರಗೋಡೆಗೆ ಬಳಸುವ ನೀರಿನ ಮೂಲದ ಎಮಲ್ಶನ್‌ನ ತೆಳುವಾದ ಒಂದು ಕೋಟು, ಅದೂ ಪೂರ್ತಿ ಮುಚ್ಚದೆ ಪಟ್ಟಿ ಅಥವಾ ಚಿತ್ತಾರವಾಗಿ. ಇನ್ನೊಂದು, ಒಳಬದಿಗೆ ಮೊದಲು ನೀರು ತಡೆಯುವ ಲೇಪ ಕೊಟ್ಟು, ಹೊರಗೆ ಬೇಕಾದ ಬಣ್ಣ ಬಳಿಯುವುದು. ಎರಡನೆಯದರಲ್ಲಿ ಬಣ್ಣ ಬಾಳುತ್ತದೆ. ಆದರೆ ಕುಂಡ ಪ್ಲಾಸ್ಟಿಕ್‌ಗೆ ಸಮವಾಗುತ್ತದೆ. ಅಂತಹ ಕುಂಡವನ್ನು ಮಳೆ ನೇರವಾಗಿ ಬೀಳದ ಜಗಲಿ ಅಥವಾ ಸಿಟೌಟಿನಲ್ಲಿ ಇಟ್ಟು, ಅಂಗಳದ ಕುಂಡಗಳಿಗೆ ಮೊದಲ ಮಾರ್ಗ ಅನುಸರಿಸುವುದು ಹೊಂದಿಕೆಯಾಗುತ್ತದೆ.

ಕೆಲಸಕ್ಕೆ ತಕ್ಕ ಕಾಲ ಫೆಬ್ರವರಿಯಿಂದ ಮೇ ಮಧ್ಯದವರೆಗೆ. ಹಳೆಯ ಕುಂಡವನ್ನು ಖಾಲಿಮಾಡಿ, ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ಪಾಚಿ ಮತ್ತು ಲವಣ ಉಜ್ಜಿ ತೆಗೆದು, ಕನಿಷ್ಠ ಮೂರು ನಾಲ್ಕು ದಿನ ಬಿಸಿಲಿನಲ್ಲಿ ಒಣಗಿಸಬೇಕು. ಹೊರಗೆ ಒಣಗಿದಂತೆ ಕಂಡರೂ ಗೋಡೆಯೊಳಗೆ ತೇವ ಉಳಿದಿರುತ್ತದೆ. ಬಣ್ಣದ ಆಯ್ಕೆಗೂ ಮಹತ್ತ್ವವಿದೆ: ಏಪ್ರಿಲ್‌ನ ತಾರಸಿಯಲ್ಲಿ ಕಪ್ಪು, ಕಡುನೀಲಿ ಕುಂಡಗಳು ಬಿಸಿಲನ್ನು ಹೀರಿ ಬೇರು ಬೇಯಿಸುತ್ತವೆ, ಸುಣ್ಣದ ಬಿಳುಪು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ.

ತಿನ್ನುವ ಗಿಡಗಳ ಕುಂಡಕ್ಕೆ ಹಳೆಯ ಡಬ್ಬಿಗಳಲ್ಲಿ ಉಳಿದ ಎನಾಮೆಲ್ ಬಳಸುವುದು ಸರಿಯಲ್ಲ. ಮನೆಬಳಕೆಯ ಪೇಂಟುಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಹಳದಿ, ಕೆಂಪು, ಹಸಿರು ಎನಾಮೆಲ್‌ಗಳಲ್ಲಿ ಸೀಸ ಹೆಚ್ಚಾಗಿರುವ ಸಾಧ್ಯತೆಯಿದ್ದು, ಸಿಪ್ಪೆ ಎದ್ದ ಚೂರುಗಳು ಮಣ್ಣಿಗೂ ಅಂಗಳದಲ್ಲಿ ಆಡುವ ಮಕ್ಕಳ ಕೈಗೂ ಸೇರುತ್ತವೆ.

ಒಡೆದ ಪಿಂಗಾಣಿ, ಬಳೆ ಮತ್ತು ಟೈಲ್ಸ್ ಚೂರುಗಳನ್ನು ಬಿಳಿಸಿಮೆಂಟಿನಲ್ಲಿ ಕೂರಿಸುವ ವಿಧಾನ ಸಿಮೆಂಟ್ ಕುಂಡಗಳಿಗೆ ಒಪ್ಪುತ್ತದೆ. ತೆಂಗಿನ ಹಗ್ಗ ಸುತ್ತುವುದು ನೋಡಲು ಚೆಂದವಾದರೂ ಹೊರಾಂಗಣದಲ್ಲಿ ಒಂದೇ ಮಳೆಗಾಲಕ್ಕೆ ಕೊಳೆತು ಇರುವೆ, ಬಸವನಹುಳುಗಳ ತಾಣವಾಗುತ್ತದೆ. ಕಡಲ ಚಿಪ್ಪುಗಳನ್ನು ಅಂಟಿಸುವ ಮೊದಲು ಹಲವು ದಿನ ಸಿಹಿನೀರಿನಲ್ಲಿ ನೆನೆಸಿ ಉಪ್ಪು ತೆಗೆಯಬೇಕು. ಮರುವಾಯಿ ತಿಂದುಳಿದ ಚಿಪ್ಪು ಇದಕ್ಕೆ ಧಾರಾಳ ಸಾಕು. ಕೆಲವು ಜಾತಿಯ ಶಂಖ, ಕವಡೆಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಟ್ಟಿದ್ದು, ಅವನ್ನು ಸಂಗ್ರಹಿಸುವುದು ಅಪರಾಧ.

ತಟ್ಟೆ ಮತ್ತು ಸೊಳ್ಳೆ

ಅಲಂಕಾರಕ್ಕೆಂದು ಕುಂಡದ ಕೆಳಗೆ ಇಡುವ ತಟ್ಟೆ ಕರಾವಳಿಯಲ್ಲಿ ಆರೋಗ್ಯದ ಪ್ರಶ್ನೆಯಾಗಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕೊಳಚೆಗಿಂತ ಹೆಚ್ಚಾಗಿ ಮನೆಯ ಸುತ್ತಲಿನ ತಿಳಿನೀರಿನಲ್ಲಿ ಬೆಳೆಯುತ್ತದೆ. ಒಂದು ಚಮಚದಷ್ಟು ನೀರೂ ಅದಕ್ಕೆ ಸಾಲುತ್ತದೆ. ಸೆಕೆಯ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಬೇಕು. 2019ರ ಮಳೆಗಾಲದಲ್ಲಿ ಮಂಗಳೂರಿನಲ್ಲಿ ಡೆಂಗಿ ವ್ಯಾಪಕವಾಗಿ ಹರಡಿದಾಗ ನೀರು ನಿಂತ ಮನೆ, ಕಟ್ಟಡಗಳ ತಪಾಸಣೆ ನಡೆದು ಮಾಲೀಕರಿಗೆ ದಂಡವನ್ನೂ ವಿಧಿಸಲಾಯಿತು. ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯೂ ನಗರದ ತೊಟ್ಟಿ, ಟ್ಯಾಂಕಿಗಳ ಶುದ್ಧ ನೀರನ್ನೇ ಆರಿಸಿಕೊಳ್ಳುತ್ತದೆ.

ತಟ್ಟೆಯ ನೀರು ಚೆಲ್ಲಿದರಷ್ಟೇ ಸಾಲದು. ಈಡಿಸ್ ಮೊಟ್ಟೆಗಳು ನೀರಿನ ಮಟ್ಟದ ಮೇಲ್ಗಡೆ ಅಂಚಿಗೆ ಅಂಟಿಕೊಂಡು, ಒಣಗಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬದುಕಿ, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ವಾರಕ್ಕೊಮ್ಮೆ ತಟ್ಟೆಯ ಅಂಚನ್ನು ನಾರಿನಿಂದ ಉಜ್ಜಿ ತೊಳೆಯಬೇಕು, ಇಲ್ಲವೇ ಜೂನ್‌ನಿಂದ ಅಕ್ಟೋಬರ್‌ವರೆಗೆ ತಟ್ಟೆಗಳನ್ನು ತೆಗೆದಿಡಬೇಕು. ಬೇಸಗೆಯಲ್ಲಿ ತಟ್ಟೆ ಬೇಕೇಬೇಕೆನ್ನುವವರು ಅದಕ್ಕೆ ಮರಳು ತುಂಬಿ, ನೀರು ಮರಳಿನ ಮೇಲೆ ಕಾಣದಂತೆ ನೋಡಿಕೊಳ್ಳುತ್ತಾರೆ. ತಾವರೆ, ನೈದಿಲೆ ಬೆಳೆಸುವ ತೂತಿಲ್ಲದ ದೊಡ್ಡ ಕುಂಡಗಳಲ್ಲಿ ಗಪ್ಪಿ ಮೀನುಗಳನ್ನು ಬಿಡುವುದು ರೂಢಿ; ಮಳೆಯಲ್ಲಿ ಕುಂಡ ತುಂಬಿ ಹರಿದು ಮೀನು ತೋಡು, ಹೊಳೆಗಳಿಗೆ ಸೇರದಂತೆ ಅಂಚಿನಿಂದ ನಾಲ್ಕು ಬೆರಳು ಕೆಳಗೆ ತೂತು ಕೊರೆದು ಬಲೆ ಕಟ್ಟಲಾಗುತ್ತದೆ. ಒಡೆದ ಕುಂಡ, ಗೆರಟೆ, ರಬ್ಬರ್ ತೋಟದ ಹಾಲಿನ ಬಟ್ಟಲುಗಳನ್ನು ಅಂಗಳದಲ್ಲಿ ಬಾಯಿ ಮೇಲಾಗಿ ಬಿಡದೆ ಮಗುಚಿ ಇಡುತ್ತಾರೆ.